‘ಹ್ಯಾವ್ ಎ ಬಾಲ್’: ಚೆಂಡಿಲ್ಲದ ಗಮ್ಮತ್ತು

ಕೋಟೇಶ್ವರದ ಕೊಡಿ ಹಬ್ಬಕ್ಕೆಂದು ವಿದೇಶದಿಂದ ಬಂದಿದ್ದ ಮೊಮ್ಮಗ ಮರಳಿ ಹೋದ ಮೇಲೆ ದೂರವಾಣಿಯಲ್ಲಿ ‘ಐ ಹ್ಯಾಡ್ ಎ ಬಾಲ್, ಅಮ್ಮಮ್ಮ’ ಎಂದನೆಂದು ಭಾವಿಸಿ. ಕುಂದಾಪುರದ ಅಜ್ಜಿ ‘ಯಾವ್ ಚೆಂಡ್ ಮಗಾ?’ ಎಂದು ಕೇಳಿದರೆ ಅದು ಆಕೆಯ ತಪ್ಪಲ್ಲ. ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಬಾಲ್ ಎಂದರೆ ಚೆಂಡು ಎಂದೇ. ಆದರೆ ಮೊಮ್ಮಗ ಹೇಳಿದ್ದು ‘ಭಾರಿ ಗಮ್ಮತ್ ಆಯ್ತ್’ ಎಂಬ ಮಾತನ್ನು.

ಈ ನುಡಿಗಟ್ಟಿನ ‘ಬಾಲ್’ ಆಟದ ಚೆಂಡಲ್ಲ, ಅದು ನೃತ್ಯಕೂಟ. ಕುಣಿಯುವುದು ಎಂಬರ್ಥದ ಲ್ಯಾಟಿನ್ ಪದವೊಂದು ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು ಈ ರೂಪ ತಾಳಿತು. ‘ಬ್ಯಾಲೆ’ ಎಂಬ ಪದವೂ ಇದೇ ಕುಟುಂಬದ್ದು. ಚೆಂಡನ್ನು ಸೂಚಿಸುವ ‘ಬಾಲ್’ನ ಮೂಲವೇ ಬೇರೆ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಆಡುಮಾತಿನಲ್ಲಿ ‘ಹ್ಯಾವ್ ಎ ಬಾಲ್’ ಎಂಬುದು ಮನಸಾರೆ ಸಂತೋಷಪಡು ಎಂಬ ಅರ್ಥದಲ್ಲಿ ಬಳಕೆಗೆ ಬಂದಿತು.

ಕನ್ನಡಿಗರಿಗೆ ಇದರಿಂದ ಒಂದು ವಿಶೇಷ ಪ್ರಯೋಜನವಿದೆ. ನಾವು ‘ಎಂಜಾಯ್ ಮಾಡಿದೆವು’ ಎನ್ನುತ್ತೇವೆ. ಯಾವುದನ್ನು ಎಂಬುದನ್ನು ಹೇಳದಿದ್ದರೂ ಕನ್ನಡದಲ್ಲಿ ಮಾತು ಪೂರ್ಣವಾಗುತ್ತದೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ವಿ ಎಂಜಾಯ್ಡ್ ಎ ಲಾಟ್’ ಎಂದರೆ ವಾಕ್ಯ ಅಪೂರ್ಣವೆನಿಸುತ್ತದೆ. ‘ಎಂಜಾಯ್’ ಕ್ರಿಯಾಪದಕ್ಕೆ ಕರ್ಮಪದ ಬೇಕು: ‘ವಿ ಎಂಜಾಯ್ಡ್ ದ ಫೇರ್’ ಅಥವಾ ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’ ಎನ್ನಬೇಕು. ‘ವಿ ಹ್ಯಾಡ್ ಎ ಬಾಲ್’ ಎಂದರೆ ಆ ತೊಡಕಿಲ್ಲ. ಮಾತು ಅಲ್ಲಿಗೇ ಮುಗಿಯುತ್ತದೆ.

ಬಳಕೆಯ ನಿಯಮಗಳು ಸರಳ. ಕಾಲಕ್ಕೆ ತಕ್ಕಂತೆ ಬದಲಾಗುವುದು ‘ಹ್ಯಾವ್’ ಮಾತ್ರ. ಮರವಂತೆಯ ಕಡಲತೀರದಲ್ಲಿ ಮಕ್ಕಳು ಆಡುತ್ತಿದ್ದರೆ ‘ದ ಚಿಲ್ಡ್ರನ್ ಆರ್ ಹ್ಯಾವಿಂಗ್ ಎ ಬಾಲ್’ ಎನ್ನಬಹುದು. ಪ್ರವಾಸ ಹೊರಟವರಿಗೆ ‘ಹ್ಯಾವ್ ಎ ಬಾಲ್!’ ಎಂದು ಹಾರೈಸಬಹುದು. ಯಾವ ಕೆಲಸದಿಂದ ಸಂತೋಷವಾಯಿತೆಂದು ಹೇಳಲು ‘ವಿ ಹ್ಯಾಡ್ ಎ ಬಾಲ್ ವಾಚಿಂಗ್ ಯಕ್ಷಗಾನ’ ಎಂದು ಮುಂದುವರಿಸಬಹುದು. ನಡುವಿನ ‘ಎ’ ಬಿಡುವಂತಿಲ್ಲ. ‘ದ ಬಾಲ್’ ಎಂದರೆ ಮತ್ತೆ ಚೆಂಡೇ ಆಗಿಬಿಡಬಹುದು. ಬಹುವಚನವನ್ನಂತೂ ಎಂದೂ ಮಾಡಬಾರದು. ಅದಕ್ಕೆ ಸಭ್ಯವಲ್ಲದ ಬೇರೆ ಅರ್ಥವಿದೆ.

ಇದೇ ಅರ್ಥದಲ್ಲಿ ‘ಹ್ಯಾವ್ ಎ ಬ್ಲಾಸ್ಟ್’ ಎಂಬ ಮಾತೂ ಇದೆ. ಆದರೆ ಬ್ಲಾಸ್ಟ್ ಎಂದೊಡನೆ ಸ್ಫೋಟದ ಸುದ್ದಿಯೇ ನೆನಪಾಗುವ ನಮ್ಮಲ್ಲಿ, ಕೇಳುವವರನ್ನು ನೋಡಿ ಬಳಸುವುದು ಲೇಸು.

ಸಂದರ್ಭದ ವಿವೇಚನೆ ವ್ಯಾಕರಣಕ್ಕಿಂತ ಮುಖ್ಯ. ಬ್ರಹ್ಮಾವರ ತಾಲೂಕಿನ ಮಂದಾರ್ತಿ ಮೇಳದ ಆಟವನ್ನು ಹರಕೆ ಹೊತ್ತು ಆಡಿಸುವವರಿದ್ದಾರೆ. ಹಾಸ್ಯಗಾರನ ಮಾತಿಗೆ ನಕ್ಕು ನಲಿದ ಪ್ರೇಕ್ಷಕ ‘ಐ ಹ್ಯಾಡ್ ಎ ಬಾಲ್’ ಎಂದರೆ ಸರಿ. ಸೇವೆ ಸಲ್ಲಿಸಿದ ಮನೆಯವರು ತಮ್ಮ ಹರಕೆಯ ಕುರಿತು ಹಾಗೆಂದರೆ ಅದು ಲಘುವಾಗುತ್ತದೆ. ಉದ್ಯೋಗದ ಅರ್ಜಿಯಲ್ಲಿ, ಕಚೇರಿಯ ಪತ್ರದಲ್ಲಿ ಇದು ಸಲ್ಲದು. ಅದೇ ಕಚೇರಿಯ ಸಹೋದ್ಯೋಗಿ ಸೋಮವಾರ ಬೆಳಿಗ್ಗೆ ‘ರಜೆ ಹೇಗಿತ್ತು?’ ಎಂದು ಕೇಳಿದರೆ ಧಾರಾಳವಾಗಿ ಹೇಳಬಹುದು.

ಇದನ್ನು ನೆನಪಿಡಲು ಕರಾವಳಿಯವರು ಬಾಯಿಪಾಠ ಮಾಡಬೇಕಿಲ್ಲ. ‘ಗಮ್ಮತ್ತು’ ಎಂಬ ಪದ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದು ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ತಿಳಿದೇ ಇದೆ. ಗೆಳೆಯನಿಗೆ ‘ಗಮ್ಮತ್ ಮಾಡ್’ ಎನ್ನುವವನು ತಹಶೀಲ್ದಾರರಿಗೆ ಬರೆಯುವ ಮನವಿಯಲ್ಲಿ ಆ ಪದ ಹಾಕುವುದಿಲ್ಲ. ಆ ವಿವೇಕವೇ ಇಲ್ಲಿಯೂ ಸಾಕು.

ಊರು ಬಿಟ್ಟು ಬೆಂಗಳೂರು, ಮುಂಬಯಿ ಸೇರಿದ ಅನೇಕ ಯುವಕರು ಇಂಗ್ಲಿಷ್ ಸಂಭಾಷಣೆಯಲ್ಲಿ ಮೌನ ವಹಿಸುವುದು ಪದಗಳ ಕೊರತೆಯಿಂದಲ್ಲ, ಇತರರು ನಕ್ಕಾರೆಂಬ ಅಳುಕಿನಿಂದ. ಹಲವರು ಅದೇ ಅಳುಕಿನಿಂದ ತಮ್ಮ ಕುಂದಗನ್ನಡವನ್ನೂ ಅಡಗಿಸುತ್ತಾರೆ. ಆಡುಮಾತಿಗೆ ಪರರು ನಗುವರೆಂದು ಅಂಜುವುದು ಬೇಡ, ಇಂಗ್ಲಿಷರದೂ ಆಡುಮಾತೇ. ಮುಂದಿನ ಬಾರಿ ಮೊಮ್ಮಗ ‘ಐ ಹ್ಯಾಡ್ ಎ ಬಾಲ್’ ಎಂದಾಗ ಅಮ್ಮಮ್ಮ ‘ಗಮ್ಮತ್ ಆಯ್ತಾ ಮಗಾ?’ ಎಂದು ಕೇಳಲಿ. ಇಬ್ಬರೂ ಒಂದೊಂದು ಪದ ಕಲಿತಂತಾಗುತ್ತದೆ.