ಬೆಳೆ ಸಮೀಕ್ಷೆಯೂ ಕಡಿಮೆ ಶಕ್ತಿಯ ಮೊಬೈಲುಗಳೂ

ಜಮೀನಿನಲ್ಲಿರುವ ಪೈರನ್ನು ರೈತರು ತಾವೇ ಛಾಯಾಚಿತ್ರ ಸಹಿತ ದಾಖಲು ಮಾಡುವ ಏರ್ಪಾಡು ನಮ್ಮ ರಾಜ್ಯದಲ್ಲಿ 2020ನೆಯ ಇಸವಿಯ ಮುಂಗಾರಿನಲ್ಲಿ ಜಾರಿಗೆ ಬಂದಿತು. ಬೆಳೆ ವಿಮೆ, ಬೆಳೆನಷ್ಟದ ಪರಿಹಾರ, ಬೆಂಬಲ ಬೆಲೆಯ ಖರೀದಿ ಮುಂತಾದವುಗಳಿಗೆ ಈ ದಾಖಲೆಯು ಆಧಾರವಾಗುವುದು. 2019ರ ಆಗಸ್ಟ್ ಮಾಸದ ಮಳೆಯಲ್ಲಿ ಗುಡ್ಡಗಳು ಕುಸಿದು ತೋಟ ಗದ್ದೆಗಳು ಹಾಳಾದುದನ್ನು ಕಂಡ ಮೂಡಿಗೆರೆ ತಾಲ್ಲೂಕಿನ ಜಮೀನುದಾರರಿಗೆ ಇದರ ಮಹತ್ವವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಆದರೆ ಬಣಕಲ್ ಹೋಬಳಿಯ ರೈತರ ಕೈಯಲ್ಲಿರುವ ಮೊಬೈಲುಗಳೆಲ್ಲವೂ ಸಮಾನ ಶಕ್ತಿಯವಲ್ಲ. ಮೊಬೈಲಿನಲ್ಲಿ ಎರಡು ವಿಧದ ಸ್ಥಳಗಳುಂಟು. ಚಿತ್ರಗಳನ್ನು ಕೂಡಿಡುವ ಸ್ಥಳವು ಕಣಜದಂತೆ. ರ್‍ಯಾಮ್ ಎಂಬುದು ಕಾಫಿ ಒಣಗಿಸುವ ಕಣದಂತೆ. ಕಣಜವು ಎಷ್ಟೇ ವಿಶಾಲವಾಗಿದ್ದರೂ ಕಣವು ಕಿರಿದಾಗಿದ್ದರೆ ಒಮ್ಮೆಗೆ ಹರಡಬಹುದಾದ ಫಸಲು ಅಲ್ಪವೇ ಸರಿ. 12 ಮೆಗಾಪಿಕ್ಸೆಲಿನ ಒಂದು ಚಿತ್ರವು ಕಣಜದಲ್ಲಿ ಕೆಲವೇ ಮೆಗಾಬೈಟುಗಳಷ್ಟಿದ್ದರೂ, ತೆರೆದು ತೋರಿಸುವಾಗ ಬಿಂದುವೊಂದಕ್ಕೆ 4 ಬೈಟುಗಳಂತೆ 48 ಮೆಗಾಬೈಟುಗಳ ಕಣವನ್ನು ಆಕ್ರಮಿಸುವುದು. ಕಾಫಿ, ಮೆಣಸು, ಅಡಿಕೆ, ಏಲಕ್ಕಿಗಳು ಒಂದೇ ಸರ್ವೆ ನಂಬರಿನಲ್ಲಿ ಬೆರೆತಿರುವ ನಮ್ಮ ಸೀಮೆಯಲ್ಲಿ ಚಿತ್ರಗಳೂ ಹೆಚ್ಚು. ಸಣ್ಣ ಮೊಬೈಲಿನಲ್ಲಿ ಆ್ಯಪ್ ನಡುವೆಯೇ ಮುಚ್ಚಿಹೋದರೆ ಆಶ್ಚರ್ಯವೇನು?

ಇದಕ್ಕೆ ಪರಿಹಾರವು ಆ್ಯಪ್ ರಚಿಸುವವರ ಕೈಯಲ್ಲಿಯೇ ಉಂಟು. ಆಂಡ್ರಾಯ್ಡ್ ವ್ಯವಸ್ಥೆಯು 2013ರಲ್ಲಿ ಹೊರಟ 4.4ನೆಯ ಆವೃತ್ತಿಯಿಂದಲೇ, ತಾನು ಕಡಿಮೆ ರ್‍ಯಾಮಿನ ಮೊಬೈಲಿನಲ್ಲಿರುವೆನೇ ಎಂದು ಆ್ಯಪ್ ಕೇಳಿ ತಿಳಿಯುವ ಸೌಕರ್ಯವನ್ನು ಒದಗಿಸಿದೆ. 1 ಗಿಗಾಬೈಟ್ ಅಥವಾ ಅದಕ್ಕಿಂತ ಕಡಿಮೆ ರ್‍ಯಾಮಿನವುಗಳಿಗಾಗಿ 2017ರಲ್ಲಿ ಆಂಡ್ರಾಯ್ಡ್ ಗೋ ಎಂಬ ಹಗುರವಾದ ವ್ಯವಸ್ಥೆಯೂ ಪ್ರಕಟವಾಯಿತು. ಉತ್ತರವನ್ನರಿತ ಆ್ಯಪ್ ಚಿತ್ರದ ಉದ್ದಗಲಗಳನ್ನು ಅರ್ಧಕ್ಕಿಳಿಸಿದಲ್ಲಿ 48 ಮೆಗಾಬೈಟ್ 12ಕ್ಕೆ ಇಳಿಯುವುದು. ಗಿಡವನ್ನು ಗುರುತಿಸಲು ಅಷ್ಟು ಸ್ಪಷ್ಟತೆ ಧಾರಾಳವಾಗಿ ಸಾಕು. ಒಂದೊಂದು ಚಿತ್ರವನ್ನೂ ತೆಗೆದೊಡನೆ ಉಳಿಸಿ, ಸಿಗ್ನಲ್ ದೊರೆತಾಗ ಕಳುಹಿಸತಕ್ಕದ್ದು. ನಕ್ಷೆಯ ಬಣ್ಣ, ಚಲಿಸುವ ಅಲಂಕಾರ ಇತ್ಯಾದಿಗಳನ್ನು ತ್ಯಜಿಸಬಹುದು. ಜಮೀನಿನ ಸ್ಥಾನವನ್ನು ಗೊತ್ತುಮಾಡುವುದರಲ್ಲಿ ಮಾತ್ರ ಯಾವ ಸಡಿಲಿಕೆಯೂ ಸಲ್ಲದು. ಸಿಲ್ವರ್ ಮರಗಳ ನೆರಳಿನಲ್ಲಿ ಉಪಗ್ರಹದ ಸಂಕೇತ ಕ್ಷೀಣವಾಗುವುದರಿಂದ ಸಾಧಾರಣ ಮೊಬೈಲಿಗೆ ಹೆಚ್ಚು ಹೊತ್ತು ಬೇಕಾಗಬಹುದು; ಆ್ಯಪ್ ಕಾದಿರಬೇಕು, ಪಕ್ಕದ ಹಿಡುವಳಿಯನ್ನು ತೋರಿಸಬಾರದು. ಹಳೆಯ ಮೊಬೈಲನ್ನು ಪೂರ್ತಿಯಾಗಿ ನಿರಾಕರಿಸುವ ಆ್ಯಪ್ ನನ್ನ ಅಭಿಪ್ರಾಯದಲ್ಲಿ ಬಡ ರೈತನ ಹಕ್ಕನ್ನೇ ನಿರಾಕರಿಸಿದಂತೆ. ಪಟ್ಟಣದ ಕಚೇರಿಯಲ್ಲಿ ಬೆಲೆಬಾಳುವ ಮೊಬೈಲಿನಿಂದ ಪರೀಕ್ಷಿಸುವವರಿಗೆ ಜೂನ್ ತಿಂಗಳ ಬಣಕಲ್ಲಿನ ತೋಟವು ಕಾಣಿಸದು.

ಸದ್ಯಕ್ಕೆ ಜಮೀನುದಾರರು ಮಾಡಬಹುದಾದುದೂ ಉಂಟು. ಗ್ರಾಮದ ನಕ್ಷೆಯನ್ನೂ ಮಾಹಿತಿಯನ್ನೂ ಸಿಗ್ನಲ್ ಇರುವೆಡೆಯಲ್ಲಿಯೇ ಮೊದಲು ಇಳಿಸಿಕೊಂಡು ಹೊರಡತಕ್ಕದ್ದು. ಇತರ ಆ್ಯಪ್‌ಗಳನ್ನು ಮುಚ್ಚಿ, ಕ್ಯಾಮೆರಾದ ಗಾಜಿನ ಮೇಲಿನ ಮಳೆಹನಿಯನ್ನು ಒರೆಸಿ, ಹಿಡುವಳಿಯೊಳಗೇ ಆಕಾಶ ಕಾಣುವ ತೆರಪಿನಲ್ಲಿ ಸ್ವಲ್ಪ ಹೊತ್ತು ನಿಂತು, ಸ್ಥಾನವು ಸ್ಥಿರವಾದ ಬಳಿಕ ಚಿತ್ರ ತೆಗೆಯಬೇಕು. ಬ್ಯಾಟರಿ ಉಳಿತಾಯದ ವ್ಯವಸ್ಥೆಯು ಚಾಲ್ತಿಯಲ್ಲಿದ್ದರೆ ಚಿತ್ರ ರವಾನೆಯು ತಡೆಯಬಹುದಾದ್ದರಿಂದ ಆ ಹೊತ್ತಿಗೆ ಅದನ್ನು ನಿಲ್ಲಿಸುವುದೊಳ್ಳೆಯದು. ಮೊಬೈಲು ಸಹಕರಿಸದಿದ್ದಲ್ಲಿ ಸಮೀಕ್ಷೆಗೆ ನೇಮಕವಾದ ಖಾಸಗಿ ನಿವಾಸಿಯ ನೆರವನ್ನು ರೈತನಿಗೆ ದೊರಕಿಸಿಕೊಡುವುದು ಗ್ರಾಮದ ಮುಖಂಡರಿಗೆ ಕಷ್ಟವಲ್ಲ. ಕಳುಹಿಸಿದ ವಿವರವು ಹೇಗೆ ದಾಖಲಾಗಿದೆಯೆಂಬುದನ್ನು ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿ, ತಪ್ಪು ಕಂಡುಬಂದಲ್ಲಿ ಗೊತ್ತುಪಡಿಸಿದ ಅವಧಿಯೊಳಗಾಗಿ ಆಕ್ಷೇಪಣೆ ಸಲ್ಲಿಸತಕ್ಕದ್ದು.