ಒಳ್ಳೆಯ ರೂಢಿ ಬೇರೂರಲು ಎಷ್ಟು ದಿನ ಬೇಕು?

ಎಲ್ಲ ಬೆಳೆಯೂ ಒಂದೇ ಅವಧಿಯಲ್ಲಿ ಕೊಯ್ಲಿಗೆ ಬರುವುದಿಲ್ಲ ಎಂಬುದನ್ನು ಉಮರ್ಗಾ, ನಿಲಂಗಾ, ಉದಗೀರ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಸರು 60-70 ದಿನಗಳಲ್ಲಿ ಕೈಗೆ ಬರುತ್ತದೆ. ಸೋಯಾಬೀನಿಗೆ ಸುಮಾರು 100 ದಿನ ಬೇಕು. ತೊಗರಿಗೆ ಐದಾರು ತಿಂಗಳು. ನಮ್ಮ ರೂಢಿಗಳೂ ಹಾಗೆಯೇ. ಆದರೂ "21 ದಿನ ಮಾಡಿದರೆ ಸಾಕು, ಯಾವ ರೂಢಿಯಾದರೂ ನಿಲ್ಲುತ್ತದೆ" ಎಂಬ ಮಾತು ಎಲ್ಲೆಡೆ ಹಬ್ಬಿದೆ. ಇದನ್ನು ನಂಬಿದವರು 22ನೆಯ ದಿನ ಮನಸ್ಸು ಜಾರಿದರೆ "ಇದು ನನ್ನಿಂದಾಗದು" ಎಂದು ಕೈಬಿಡುತ್ತಾರೆ.

ಈ 21 ಎಲ್ಲಿಂದ ಬಂತು? ಅಮೆರಿಕದ ಶಸ್ತ್ರವೈದ್ಯ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರ ತಮ್ಮ ಪುಸ್ತಕದಲ್ಲಿ, ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ ಸುಮಾರು 21 ದಿನ ಹಿಡಿಯುತ್ತದೆ ಎಂದು ಬರೆದರು. ಬಾಯಿಂದ ಬಾಯಿಗೆ ಹೋಗುವಾಗ "ಕನಿಷ್ಠ" ಎಂಬ ಪದ ಬಿದ್ದುಹೋಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. 96 ಜನರು ತಲಾ ಒಂದು ಹೊಸ ಕೆಲಸವನ್ನು 12 ವಾರ, ದಿನವೂ ಅದೇ ಸಂದರ್ಭದಲ್ಲಿ ಮಾಡಿದರು. ನೆನಪಿಸಿಕೊಳ್ಳದೆ ತಾನಾಗಿ ನಡೆಯುವ ಹಂತಕ್ಕೆ ಸಾಮಾನ್ಯವಾಗಿ 66 ದಿನ ಬೇಕೆಂದು ಕಂಡುಬಂತು. ಆದರೆ ಒಬ್ಬೊಬ್ಬರ ಲೆಕ್ಕ 18ರಿಂದ 254 ದಿನಗಳವರೆಗೆ ಹರಡಿತ್ತು. ನೀರು ಕುಡಿಯುವಂಥ ಸುಲಭ ಕೆಲಸ ಬೇಗ ರೂಢಿಯಾಯಿತು, ವ್ಯಾಯಾಮಕ್ಕೆ ಹೆಚ್ಚು ದಿನ ಹಿಡಿಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡೋಣ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಅನೇಕ ತಾಯಂದಿರು ಬೆಳಿಗ್ಗೆ ಮಿಶ್ರಿಯಿಂದ ಹಲ್ಲುಜ್ಜುತ್ತಾರೆ. ಮಿಶ್ರಿ ಎಂದರೆ ಹುರಿದು ಪುಡಿಮಾಡಿದ ತಂಬಾಕು. ಅದರಿಂದ ಹಲ್ಲು ಗಟ್ಟಿಯಾಗುವುದಿಲ್ಲ. ಒಸಡು ಕೆಡುತ್ತದೆ, ಬಾಯಿಯ ಕ್ಯಾನ್ಸರಿಗೆ ದಾರಿಯಾಗುತ್ತದೆ. ಗರ್ಭಿಣಿಯರು ಬಳಸಿದರೆ ಮಗುವಿನ ತೂಕ ಕಡಿಮೆಯಾಗುತ್ತದೆ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರಕಾರ 1992ರಲ್ಲೇ ನಿಷೇಧಿಸಿದೆ. ಔಷಧ ಸಿಂಪಡಿಸಿದ ಕೈಯಿಂದಲೇ ತಂಬಾಕು ತಿಕ್ಕಿ ಬಾಯಿಗಿಡುವ ಗಂಡಸರಿಗಂತೂ ಎರಡು ವಿಷ ಒಟ್ಟಿಗೇ ಒಳಗೆ ಹೋಗುತ್ತವೆ.

ತಪಸ್ಸುಕಾಲದ 40 ದಿನ ತಂಬಾಕು ಮುಟ್ಟದವರೂ ಪಾಸ್ಖ ಹಬ್ಬವಾದ ಮೇಲೆ ಮತ್ತೆ ಡಬ್ಬಿ ತೆರೆಯುವುದುಂಟು. ಏಕೆ? ನಿಕೋಟಿನ್ ಬಿಟ್ಟಾಗಿನ ಸಿಡಿಮಿಡಿ, ತಲೆನೋವು ಮೊದಲ ಕೆಲವು ದಿನ ಜೋರಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಬೆಳಗಿನ ಆ ಹೊತ್ತು ಖಾಲಿ ಉಳಿದಿರುತ್ತದೆ. ಕಳೆ ಕಿತ್ತ ಜಾಗದಲ್ಲಿ ಬೀಜ ಬಿತ್ತದಿದ್ದರೆ ಮತ್ತೆ ಕಳೆಯೇ ಬರುತ್ತದೆ.

ಆದ್ದರಿಂದ ಹೀಗೆ ಮಾಡಿರಿ:

1. ತಂಬಾಕು ಯಾವಾಗ ನೆನಪಾಗುತ್ತದೆ ಎಂದು ಗುರುತಿಸಿರಿ: ಎದ್ದ ಕೂಡಲೇ, ಚಹಾ ಕುಡಿದ ಮೇಲೆ, ಊಟವಾದ ಮೇಲೆ.

2. ಅದೇ ಹೊತ್ತಿಗೆ ಬೇರೊಂದನ್ನು ಗೊತ್ತುಮಾಡಿರಿ. ಬೆಳಿಗ್ಗೆ ಬ್ರಶ್ ಅಥವಾ ಬೇವಿನ ಕಡ್ಡಿ, ಊಟದ ನಂತರ ಬಡೇಸೋಪು. ಹೊಲದಿಂದ ಬಂದೊಡನೆ ಸೋಪು ಹಚ್ಚಿ ಕೈ ತೊಳೆಯಿರಿ.

3. ಡಬ್ಬಿಯನ್ನು ಮನೆಯಲ್ಲೇ ಇಡಬೇಡಿರಿ. ಅದಿದ್ದ ಗೂಡಿನಲ್ಲಿ ಬ್ರಶ್ ಇಡಿರಿ.

4. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಿರಿ. 66 ದಿನ ಎಂದರೆ ಎರಡು ತಿಂಗಳಿಗಿಂತ ತುಸು ಹೆಚ್ಚು. ಅಷ್ಟಾದರೂ ರೂಢಿ ಗಟ್ಟಿಯಾಗದಿದ್ದರೆ ಮುಂದುವರಿಸಿರಿ.

5. ಒಂದು ದಿನ ಹಲ್ಲುಜ್ಜುವುದು ತಪ್ಪಿದರೆ ಚಿಂತೆಯಿಲ್ಲ, ಮರುದಿನ ಉಜ್ಜಿರಿ. ಆದರೆ "ಒಂದೇ ಚಿಟಿಕೆ" ಎಂದು ತಂಬಾಕು ಮುಟ್ಟಬೇಡಿರಿ. ಚಟ ಮತ್ತೆ ಎಚ್ಚರಗೊಳ್ಳುತ್ತದೆ. ಮುಟ್ಟಿಬಿಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ, ಮತ್ತೆ ಆರಂಭಿಸಿರಿ.

ತಂಬಾಕು ಬಿಡಲು ಸಲಹೆ ಬೇಕಾದವರು 1800 11 2356ಕ್ಕೆ ಉಚಿತವಾಗಿ ಫೋನು ಮಾಡಬಹುದು. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಮನೆಯ ಹಿರಿಯರಿಗೂ ಒಂದು ಮಾತು: ಅತ್ತೆ ಡಬ್ಬಿ ತೆರೆದಾಗ ಸೊಸೆಯೂ ಮೊಮ್ಮಗಳೂ ನೋಡುತ್ತಿರುತ್ತಾರೆ. ಅತ್ತೆ ಬ್ರಶ್ ಹಿಡಿದರೆ ಅದನ್ನೂ ನೋಡುತ್ತಾರೆ.