ಎದಿ ನೋಯದ ಹಾರ್ಟ್ ಅಟ್ಯಾಕ್

ದೇಗಾಂವದ ಕಮಲನಾರಾಯಣ ಗುಡಿ ಕಟ್ಟಿ ಮ್ಯಾಲ ಕುಂತ ಅಜ್ಜಾರು ಒಮ್ಮೆಲೇ ಬೆವತು, ದಮ್ಮು ಹತ್ತಿ, "ಗ್ಯಾಸ್ ಆಗೇತಿ, ಸೋಡಾ ತಾ" ಅಂದ್ರ? ಸಕ್ಕರಿ ಬ್ಯಾನಿ ಇದ್ದವರಾದ್ರ ಸೋಡಾ ಬಿಡ್ರಿ, ಇಸಿಜಿ ತಗಸ್ರಿ.

ಭಾಳ ವರ್ಷದ ಸಕ್ಕರಿ ರಕ್ತನಾಳದ ಒಳಪದರ ಕೆಡಸ್ತೈತಿ, ಅಲ್ಲಿ ಕೊಬ್ಬು ಕೂಡ್ತೈತಿ. ಅದಕ್ಕಿಂತ ಮೋಸದ್ದು ಅಂದ್ರ, ನೋವು ತಿಳಿಸೋ ನರಾನೂ ಮಂದ ಆಗ್ತಾವ. ಸಿನಿಮಾದಾಗಿನಂಗ ಎಲ್ಲಾರೂ ಎದಿ ಹಿಡ್ಕೊಂಡು ಬೀಳಂಗಿಲ್ರಿ. ವಯಸ್ಸಾದ ಹೆಣ್ಮಕ್ಕಳಿಗೆ ಒಮ್ಮೊಮ್ಮೆ ಬರೇ ಸುಸ್ತು, ಓಕರಿಕಿ, ಅಷ್ಟ.

ಬರೇ ಸಕ್ಕರಿ ತೋರಿಸಿದ್ರ ಸಾಲದು. ಬಿಪಿ, ಕೊಲೆಸ್ಟರಾಲೂ ನೋಡಸ್ರಿ.

ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯೊಳಗ ತಾಲ್ಲೂಕು ಆಸ್ಪತ್ರಿಗಳಲ್ಲಿ ಇಸಿಜಿ ನೋಡಿ, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡ್ತಾರ. ಹೊರಗ ಅದಕ್ಕ ಸಾವಿರಾರು ರೂಪಾಯಿ. ಆದ್ರ ತಡಾ ಆದಷ್ಟೂ ಅದರ ಗುಣ ಕಡಿಮಿ. ಮಗ ಹೊಲದಿಂದ ಬರ್ಲಿ ಅಂತ ಕಾಯಬ್ಯಾಡ್ರಿ, 108ಕ್ಕ ಫೋನ್ ಹಚ್ರಿ.